ಅಧ್ಯಕ್ಷರ ಸೀಟಿ

ಜನವರಿ ೧೫, ೧೯೬೭. ಭಾನುವಾರ

ನಮ್ಮವರು ಸೆಕ್ರೆಟರಿ ಆದರು!! ಸಾಗರದ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿಗೆ ಆನರರಿ ಸೆಕ್ರೆಟರಿ. ಅದೂ ಇಪ್ಪತ್ತೇಳನೆಯ ವಯಸ್ಸಿಗೆ! ಹೊಸ ಸೊಸೆಯ ಕಾಲ್ಗುಣವಂತೆ — ಹೇಳಿದ್ದು ಅತ್ತೆ, ನಾನಲ್ಲ. ಸುದ್ದಿ ಕೇಳಿ ಅಡಿಗೆಮನೆಯಲ್ಲೇ ಕುಣಿದೆ. ಹಾಲು ಉಕ್ಕಿತು.

"ಎಂತ ಮಾರಾಯ್ತಿ, ಹೆಸರು ಮಾತ್ರ ಶಾಂತಾ! ಬೆಂಗಳೂರಿನ ಕಾನ್ವೆಂಟಲ್ಲಿ ಬಾಯಿ ಮುಚ್ಚೋದೊಂದು ಕಲಿಸ್ಲಿಲ್ವಾ?" ಅತ್ತೆ ಬೈದದ್ದೂ ನಗುತ್ತಲೇ.

ಇವರು ಮಾತಾಡಿಯೇ ಗೆದ್ದದ್ದು. ವಕೀಲರಲ್ಲವೇ! ಇವರ ದನಿ ಕೇಳಲೆಂದು ಕೇಸಿಲ್ಲದವರೂ ಕೋರ್ಟಿಗೆ ಬಂದು ಕೂರುತ್ತಾರಂತೆ. ನನಗಂತೂ... ಬೆಳಿಗ್ಗೆ "ಶಾಂತೂ, ಕಾಫಿ" ಅನ್ನುತ್ತಾರಲ್ಲ, ಅಷ್ಟೇ ಸಾಕು. (ಇದನ್ನು ಯಾರಾದರೂ ಓದಿದರೆ ಸತ್ತೇ ಹೋಗುತ್ತೇನೆ.)

ಗೆಳತಿ ಪುಷ್ಪಿಗೆ ಬರೆಯಬೇಕು. ಹೊಟ್ಟೆ ಉರಿದುಕೊಳ್ಳುತ್ತಾಳೆ. ನನ್ನ ಹತ್ತಿರ ಏನಿದ್ದರೂ ಅವಳಿಗೆ ಬೇಕು. ಶಾಲೆಯಲ್ಲಿ ನನ್ನ ರಿಬ್ಬನ್, ನನ್ನ ಪೆನ್, ನನ್ನ ಬ್ಯಾಟ್ — "ಇಲ್ಲಿ ಕೊಡೇ, ನೋಡೋಣ!" ಎಂದು ಕೈ ಚಾಚಿದಳೆಂದರೆ ಮುಗಿಯಿತು. ವಾಪಸು ಬಂದದ್ದಿಲ್ಲ. ಆದರೂ ಅವಳಷ್ಟು ಪ್ರೀತಿ ಯಾರ ಮೇಲೂ ಇಲ್ಲ.

ಜನವರಿ ೨೨, ಭಾನುವಾರ

ಮೊದಲ ಬಾರಿ ಕ್ಲಬ್ಬಿಗೆ ಹೋದೆ. ಹೆಂಗಸರಿಗೆ ಮ್ಯಾಚಿನ ದಿನ ಮಾತ್ರ ಪ್ರವೇಶ. ತೀರ್ಥಹಳ್ಳಿಯವರ ಮೇಲೆ ಆಟ. ಎರಡೂ ತಂಡ ಕೋರ್ಟಿನಲ್ಲಿ ಸಿದ್ಧ, ಅಂಪೈರ್ ಸಿದ್ಧ. ಯಾರೂ ಆಟ ಶುರು ಮಾಡುತ್ತಿಲ್ಲ. ಎಲ್ಲರೂ ಬೆತ್ತದ ಕುರ್ಚಿಯ ಕಡೆ ನೋಡುತ್ತಿದ್ದಾರೆ.

ಕುರ್ಚಿಯಲ್ಲಿ ಅಧ್ಯಕ್ಷರು. ಸೀತಾರಾಮಪ್ಪನವರು. ಮರದ ಡಿಪೋದ ಯಜಮಾನರು, ಕ್ಲಬ್ಬಿಗೆ ಜಾಗ ಕೊಟ್ಟವರು. ಮಾತಿಲ್ಲ. ಅಧ್ಯಕ್ಷರಾದಂದಿನಿಂದ ಇಲ್ಲವಂತೆ. ಕೊರಳಲ್ಲಿ ಕರಿದಾರ, ದಾರದಲ್ಲಿ ಹಿತ್ತಾಳೆಯ ಸೀಟಿ. ಒಮ್ಮೆ ಊದಿದರೆ ಹೂಂ, ಎರಡು ಸಲ ಊದಿದರೆ ಉಹೂಂ. ಇಷ್ಟರಲ್ಲೇ ಕ್ಲಬ್ಬು ನಡೆಯುತ್ತದೆ!

ಆಟ ಮುಗಿದ ಮೇಲೆ ಇವರು ಹೆಂಗಸರಿಗೊಂದು ಕೋರ್ಟ್ ಬೇಕೆಂದು ಸೊಗಸಾಗಿ ಭಾಷಣ ಮಾಡಿದರು. (ನನಗಾಗಿ!!) ಎರಡು ಸೀಟಿ. ಅಷ್ಟೇ. ಮೀಸೆ ಹೊತ್ತ ಗಂಡಸರೆಲ್ಲ ಗಂಟೆ ಹೊಡೆದ ಶಾಲೆಯ ಮಕ್ಕಳ ಹಾಗೆ ಎದ್ದು ಮನೆಗೆ ಹೋದರು.

ದಾರಿಯಲ್ಲಿ ಇವರು ಕೆಂಡ. "ಪ್ರೆಸಿಡೆಂಟ್ ಅಂದ್ರೆ ರಾಷ್ಟ್ರಪತಿ ಇದ್ದ ಹಾಗೆ ಶಾಂತೂ, ಸೆಕ್ರೆಟರಿ ಪ್ರಧಾನಿ. ರಾಷ್ಟ್ರಪತಿ ಸೀಟಿ ಊದಿ ದೇಶ ಆಳೋದು ಎಲ್ಲಾದ್ರೂ ಉಂಟಾ?"

ನಕ್ಕು ನಕ್ಕು ಸಾಕಾಯಿತು. ಆದರೆ ಆ ಸೀಟಿ... ಕೇಳಿದಾಗ ನನ್ನ ಗಂಟಲೊಳಗೆ ಏನೋ ತಣ್ಣಗೆ ಇಳಿದಂತಾಯಿತು. ಐಸ್ ಕ್ಯಾಂಡಿ ತಿಂದ ಪ್ರಭಾವವಿರಬೇಕು.

ಫೆಬ್ರವರಿ ೫, ಭಾನುವಾರ

ಗೆದ್ದೆವು!

ಊರೆಲ್ಲ ಜನರಲ್ ಎಲೆಕ್ಷನ್ ಗಲಾಟೆ, ನಮಗೆ ಕ್ಲಬ್ಬಿನ ಜನರಲ್ ಬಾಡಿಯೇ ದೊಡ್ಡದು. ನಾನು ಬೇಲಿಯಾಚೆ ನಿಂತು ನೋಡಿದೆ. ಇವರು ಎದ್ದು ನೇರವಾಗಿ ಹೇಳಿಬಿಟ್ಟರು — "ಬೈಲಾದಲ್ಲಿ ಸೀಟಿಯ ಮಾತೇ ಇಲ್ಲ ಸಾರ್. ಕ್ಲಬ್ಬು ನಡೆಸೋನು ಸೆಕ್ರೆಟರಿ. ಸೀಟಿ ನನಗೆ ಬೇಕು, ಕೊಡಿ."

ಎಲ್ಲರೂ ಎರಡು ಸೀಟಿಗೆ ಕಾದರು. ಅಧ್ಯಕ್ಷರು ಇವರನ್ನೇ ನೋಡಿದರು. ಆಮೇಲೆ ದಾರವನ್ನು ತಲೆಯ ಮೇಲಿನಿಂದ ತೆಗೆದು ಇವರ ಅಂಗೈಯಲ್ಲಿಟ್ಟರು. ನಕ್ಕರು. ಸೋತವರ ನಗುವಲ್ಲ. ತಲೆಹೊರೆ ಇಳಿಸಿದವನ ನಗು.

ಹೊರಡುವಾಗ ಬೆನ್ನ ಹಿಂದೆ, ತುಕ್ಕು ಹಿಡಿದ ಬಾಗಿಲಿನ ಹಾಗೆ ಒಂದು ದನಿ. "ಬಿಸ್ಲು ಜಾಸ್ತಿ ಆತಲ್ಲ."

ತಿರುಗಿ ನೋಡಿದರೆ ಸೀತಾರಾಮಪ್ಪನವರು!

ಫೆಬ್ರವರಿ ೭, ಮಂಗಳವಾರ

ಇವರಿಗೆ ಗಂಟಲು ಕಟ್ಟಿದೆ. ಮೆಣಸಿನ ಕಷಾಯ ಕೊಟ್ಟೆ. ಭಾಷಣ ಜಾಸ್ತಿಯಾಯಿತು, ಪ್ರಧಾನಿಗಳೇ!

ಫೆಬ್ರವರಿ ೧೩, ಸೋಮವಾರ

ದನಿ ಪೂರ್ತಿ ಹೋಗಿದೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಏನೂ ಆಗಿಲ್ಲವಂತೆ.

ಹೆಂಗಸರ ಕೋರ್ಟ್ ಮಂಜೂರಾಯಿತು. ಇವರು ಒಂದು ಸೀಟಿ ಊದಿದರಂತೆ, ಯಾರೂ ಎದುರಾಡಲಿಲ್ಲವಂತೆ. ಬೆತ್ತದ ಕುರ್ಚಿಯಲ್ಲೂ ಈಗ ಇವರೇ. ಸೀತಾರಾಮಪ್ಪನವರು ಡಿಪೋದ ದಿಮ್ಮಿಯ ಮೇಲೆ ಕುಳಿತು ಹೋಗಿಬರುವವರ ಹತ್ತಿರವೆಲ್ಲ ಮಾತು, ಮಾತು, ಮಾತು.

ಇವತ್ತು ಬೆಳಿಗ್ಗೆ ಕೋಣೆಯಿಂದ ಸೀಟಿ ಕೇಳಿತು. ಕಾಫಿ ತೆಗೆದುಕೊಂಡು ಓಡಿದೆ. ಓಡಿದ ಮೇಲೆ ತಿಳಿಯಿತು, ಓಡಿದೆನೆಂದು.

ಫೆಬ್ರವರಿ ೨೭, ಸೋಮವಾರ

ಬರೆಯಲು ಮನಸ್ಸಿರಲಿಲ್ಲ.

ಇವತ್ತು ಕೋರ್ಟಿನಲ್ಲಿ ದೊಡ್ಡ ಕೇಸು. ದನಿ ಬಂದೇ ಬರುತ್ತದೆಂದು ಹೋದರು. ಎದ್ದು ನಿಂತರು, ಬಾಯಿ ತೆರೆದರು. ಇಲ್ಲ. ಕೈ ತಾನಾಗಿಯೇ ಕೊರಳಿಗೆ ಹೋಯಿತಂತೆ. ನ್ಯಾಯಾಧೀಶರ ಎದುರು ಸೀಟಿ! ಒಂದೇ ಸಲ. ಯಾರೂ ನಗಲಿಲ್ಲವಂತೆ. ಕಕ್ಷಿಗಾರ ಕೆರಿಯಪ್ಪ ಸಂಜೆ ಬಂದು ಕಾಗದಪತ್ರ ಎತ್ತಿಕೊಂಡು ಹೋದ. "ವಕೀಲ್ರಿಗೆ ಮಾತಿಲ್ದಿದ್ರೆ ನನ್ ಗದ್ದೆ ಉಳೀತದಾ ಅಮ್ಮಾ? ನೀವೇ ಹೇಳಿ."

ಸೀದಾ ಸೀತಾರಾಮಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ಶೇಷಮ್ಮ ನನಗೇ ಕಾದಿದ್ದವರಂತೆ ಮಣೆ ಹಾಕಿದರು.

"ಬಂದ್ರಾ? ಬರ್ತೀರ ಅಂತ ಗೊತ್ತಿತ್ತು. ಇವ್ರೂ ಹಿಂದಿನ ಪ್ರೆಸಿಡೆಂಟ್ರ ಹತ್ರ ಜಗಳ ಮಾಡಿ ಕೇಳಿ ಇಸ್ಕೊಂಡಿದ್ದು. ಅವತ್ತಿಂದ ನನ್ನನ್ನ ಹೆಸ್ರು ಹಿಡಿದು ಕರೆದಿದ್ದು ಮೊನ್ನೆ ಮೊನ್ನೆ."

"ಬಿಸಾಕಬಹುದಿತ್ತಲ್ಲ?"

"ವರದಹಳ್ಳಿಲಿ ಬಿಟ್ಟು ಬಂದ್ರು. ಹುಲಿಕಲ್ ಘಾಟಿಲಿ ಎಸೆದ್ರು. ಯಾರಾದ್ರೂ ಹುಡುಕಿ ತಂದು ಕೊಡೋರು, 'ಅಧ್ಯಕ್ಷರದ್ದಲ್ವಾ' ಅಂತ. ಕೈಗೆ ಬಂತಾ, ಊದಲೇಬೇಕು ಅನ್ಸೋದು. ಕೊಟ್ರೆ ಹೋಗಲ್ಲ ಕಣಮ್ಮ. ಬೇಕು ಅಂತ ಬಾಯಿಬಿಟ್ಟು ಕೇಳಿ ಯಾರಾದ್ರೂ ತಗೋಬೇಕು."

"ನಿಮಗೆ ಗೊತ್ತಿದ್ದೂ ನೀವು ಕೇಳಲಿಲ್ಲವೇ?"

ಶೇಷಮ್ಮ ಅಂಗಳ ನೋಡಿದರು. ಅಲ್ಲಿ ಮುದುಕರು ಬೆಕ್ಕಿಗೆ ಏನೋ ಹೇಳುತ್ತಿದ್ದರು. "ನಂಗೂ ಮಾತು ಬೇಕಲ್ಲ ತಂಗಿ," ಎಂದರು.

ಮಾರ್ಚ್ ೨, ಗುರುವಾರ

ಇವರಿಗೆ ಎಲ್ಲವನ್ನೂ ಹೇಳಿದೆ. ಹೂಂ ಇಲ್ಲ, ಉಹೂಂ ಇಲ್ಲ. ಅತ್ತಿರಬೇಕು, ಕಣ್ಣು ಕೆಂಪಗಿತ್ತು. ಎರಡು ಸಲ ಊದುತ್ತಾರೆ, ನನಗೆ ಹೀಗಾಗಲು ಬಿಡುವುದಿಲ್ಲ ಎಂದುಕೊಂಡೇ ಕೇಳಿದೆ —

"ನನಗೆ ಬೇಕು. ಕೊಡಿ."

ತಕ್ಷಣ ಕೊಟ್ಟರು.

ನಕ್ಕರು. ಆ ನಗುವನ್ನು ನಾನು ಹಿಂದೆ ನೋಡಿದ್ದೇನೆ.

ಮಾರ್ಚ್ ೪, ಶನಿವಾರ

"ಶಾಂತೂ, ಕಾಫಿ!"

ಅದೇ ದನಿ. ಜೇನು! ಅಡಿಗೆಮನೆಯಿಂದ "ಬಂದೇ" ಎಂದು ಕೂಗಲು ಬಾಯಿ ತೆರೆದೆ.

ಮಾರ್ಚ್ ೧೯, ಭಾನುವಾರ

ಇಲ್ಲಿ ಮಾತ್ರ ಮಾತು ಬರುತ್ತದೆ ನನಗೆ. ಆದ್ದರಿಂದ ಬರೆಯುತ್ತೇನೆ.

ಇವತ್ತು ಹೊಸನಗರದವರ ಮೇಲೆ ಆಟ. ಮನೆಯಲ್ಲೇ ಇರಬೇಕೆಂದಿದ್ದೆ. ಕ್ಲಬ್ಬಿನವರೇ ಬಂದು ಕರೆದುಕೊಂಡು ಹೋದರು. ಸೀಟಿ ಇಲ್ಲದೆ ಆಟ ಶುರುವಾಗುವುದು ಹೇಗೆ? ಬೆತ್ತದ ಕುರ್ಚಿ ಒರೆಸಿಟ್ಟಿದ್ದರು. ಹೆಂಗಸು ಕೂರುವುದೇ ಎಂದು ಒಬ್ಬನೂ ಅನ್ನಲಿಲ್ಲ. ಕೊರಳಲ್ಲಿ ಕರಿಮಣಿಯ ಜೊತೆ ಕರಿದಾರ. ಊದಿದೆ. ಹತ್ತೂ ಆಟಗಾರರು ಒಟ್ಟಿಗೆ ಕದಲಿದರು. ಮರದ ಮೇಲಿನ ಕಾಗೆಗಳು ಸುಮ್ಮನಾದವು. ಮೈ ಜುಮ್ಮೆಂದಿತು. ಸುಳ್ಳೇಕೆ, ಇಷ್ಟವಾಯಿತು. ಅದೇ ಭಯ.

ಬೇಲಿಯ ಹತ್ತಿರ ಇವರೂ ಸೀತಾರಾಮಪ್ಪನವರೂ ಹೆಗಲಿಗೆ ಹೆಗಲು ಕೊಟ್ಟು ನಿಂತು ಹರಟುತ್ತಿದ್ದರು. ಅಧ್ಯಕ್ಷರು ದೊಡ್ಡವರೋ ಸೆಕ್ರೆಟರಿ ದೊಡ್ಡವರೋ ಎಂಬ ಜಗಳ ಈಗ ಇಬ್ಬರಿಗೂ ನೆನಪಿಲ್ಲ. ಕೆರಿಯಪ್ಪನ ಕೇಸು ವಾಪಸು ಬಂದಿದೆ.

ಅತ್ತೆ ನೆರೆಯವರಿಗೆ ಹೇಳುತ್ತಿದ್ದರು, "ಈಗ ಹೆಸರಿಗೆ ತಕ್ಕ ಹಾಗಾದ್ಲು ನೋಡಿ."

ಇವರು ಒಳ್ಳೆಯವರೇ. ತಲೆ ಸವರುತ್ತಾರೆ, ಊಟ ಬಡಿಸುತ್ತಾರೆ, "ಸರಿಹೋಗ್ತದೆ ಶಾಂತೂ" ಅನ್ನುತ್ತಾರೆ. ಎಲ್ಲ ಅನ್ನುತ್ತಾರೆ.

"ಕೊಡು" ಅನ್ನುವುದಿಲ್ಲ.

ಮಾರ್ಚ್ ೨೩, ಗುರುವಾರ

ಪುಷ್ಪಿ ಬರುತ್ತಿದ್ದಾಳೆ!! ನನ್ನ ಗಂಡ, ನನ್ನ ಮನೆ, ಹೆಂಗಸರ ಕೋರ್ಟ್ ಎಲ್ಲ ನೋಡಬೇಕಂತೆ. ರಾತ್ರಿಯಿಡೀ ಮಾತಾಡೋಣ ಎಂದು ಬರೆದಿದ್ದಾಳೆ.

ಬರಬೇಡ ಎಂದು ಬರೆಯಲು ಕಾರ್ಡು ತೆಗೆದುಕೊಂಡೆ. ವಿಳಾಸ ಬರೆದೆ. ಅಷ್ಟೇ.

ಸೀಟಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಚಿನ್ನದ ಹಾಗೆ ಹೊಳೆಯುತ್ತಿದೆ. ಸೆರಗಿನ ಒಳಗಿಟ್ಟೆ. ಮತ್ತೆ ಹೊರಗೆ ಹಾಕಿಕೊಂಡೆ. ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದೆ. ಇನ್ನೂ ಬರುವುದಿಲ್ಲ, ಆ ನಗು. ಆ ಹೊತ್ತಿಗೆ ಬರಬಹುದು.

ಗಾಡಿ ನಿಲ್ಲುವ ಮೊದಲೇ ಧುಮುಕುತ್ತಾಳೆ. ಅಪ್ಪಿಕೊಳ್ಳುತ್ತಾಳೆ. ಕಣ್ಣು ನನ್ನ ಕೊರಳಿಗೆ ಬೀಳುತ್ತದೆ. ಕೈ ಚಾಚುತ್ತಾಳೆ...

ಭಾನುವಾರ. ಶಿವಮೊಗ್ಗದಿಂದ ಬರುವ ಬೆಳಗಿನ ತಾಳಗುಪ್ಪ ರೈಲು —