ಹೆಬ್ಬೆರಳಿನ ಮಾತು

ಭಾನುವಾರ, ಮಾರ್ಚ್ ೯

ಮುದ್ದು ಗುಬ್ಬಿಗೆ ಅಮ್ಮನ ಅಪ್ಪುಗೆ,

ಕೂಸಿನ ಎರಡು ಕೆನ್ನೆಗೂ ನನ್ನ ಪರವಾಗಿ ಮುತ್ತು ಕೊಟ್ಟು, ಆಮೇಲೆ ಮುಂದಕ್ಕೆ ಓದು.

ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪ "ಅಮ್ಮ ಮಲಗಿದ್ದಾಳೆ ಕಣಮ್ಮ" ಅನ್ನುತ್ತಿದ್ದರಲ್ಲ, ಅವರ ಮೇಲೆ ಸಿಟ್ಟಾಗಬೇಡ. ನಾನು ಪಕ್ಕದಲ್ಲೇ ಕೂತು, ಕಣ್ಣಲ್ಲೇ ಹೆದರಿಸಿ ಹೇಳಿಸುತ್ತಿದ್ದೆ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಫೋನ್ ಇಟ್ಟ ಮೇಲೆ ಗಟಗಟ ನೀರು ಕುಡಿಯುತ್ತಿದ್ದರು.

ನಿನಗೆ ಗೊತ್ತಿರುವುದೇ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುತ್ತಲೇ ಅರ್ಧ ಆಯುಸ್ಸು ಕಳೆದವಳು ನಾನು. ಗುಂಪಿನಲ್ಲಿ ಕಳೆದುಹೋದ ಮಕ್ಕಳು ನನ್ನ ಧ್ವನಿ ಕೇಳಿ ಅಳು ನಿಲ್ಲಿಸುತ್ತಿದ್ದವು. ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಟಕ್ಕೆಂದು ಕತ್ತಿನಲ್ಲಿ ಒಂದು ತೂತು ಬಿಟ್ಟರು. ನೀನು ಆಗ ತುಂಬು ಬಸುರಿ, ಬರಬೇಡ ಅಂದವಳೂ ನಾನೇ. ಗೆಡ್ಡೆ ಪೂರ್ತಿ ಹೋಯಿತು ಎಂದು ಡಾಕ್ಟರು ಹೇಳಿದ ದಿನ ಎಲ್ಲರೂ ನಕ್ಕರು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಜೀವ ಉಳಿದಿತ್ತು, ಆದರೆ ಅದು ಯಾರದೋ ಜೀವ ಅನ್ನಿಸುತ್ತಿತ್ತು.

ಅದನ್ನು ಮತ್ತೆ ನನ್ನದಾಗಿ ಮಾಡಿದವರ ಬಗ್ಗೆ ನಿನಗೆ ಏನೂ ಬರೆದಿರಲಿಲ್ಲ. ಕತ್ತಿನ ಆಪರೇಷನ್ ಆದ ಮೇಲೆ ಎಡಗೈ ತಲೆ ಬಾಚುವಷ್ಟೂ ಮೇಲೇಳುತ್ತಿರಲಿಲ್ಲವಲ್ಲ, ಅದಕ್ಕೆ ಫಿಸಿಯೋಥೆರಪಿಯ ಹುಡುಗನೊಬ್ಬ ಬಂದ. ನಾನಿಟ್ಟ ಹೆಸರು ಭುಜದ ಮೇಷ್ಟ್ರು. ಗೋಡೆಯ ಮೇಲೆ ಜೇಡ ಹತ್ತಿದ ಹಾಗೆ ಬೆರಳು ಹತ್ತಿಸುವುದೇ ಅವನ ಪಾಠ. "ನಿನ್ನೆಗಿಂತ ಮೇಲೆ ಹೋದ್ರೆ ಮಾತ್ರ ಕಾಫಿ ಆಂಟಿ" ಅನ್ನುತ್ತಿದ್ದ. ಈಗ ನನ್ನ ಜಡೆ ನಾನೇ ಹೆಣೆದುಕೊಳ್ಳುತ್ತೇನೆ.

ಉಸಿರು ಮೂಗಿನಲ್ಲಿ ಓಡಾಡದಿದ್ದರೆ ವಾಸನೆಯೂ ಇಲ್ಲ, ಗೊತ್ತೇ? ಅದಕ್ಕೂ ಒಂದು ಚಿಕಿತ್ಸೆ ಇದೆ. ಮೇಲಧಿಕಾರಿಯ ಎದುರು ಬಾಯಿ ಮುಚ್ಚಿಕೊಂಡೇ ಆಕಳಿಸುತ್ತೇವಲ್ಲ, ಹಾಗೆ ಮಾಡಬೇಕು. ನನಗಂತೂ ನೌಕರಿಯಲ್ಲೇ ಕೈಗೂಡಿದ ವಿದ್ಯೆ! ಒಂದು ಬೆಳಿಗ್ಗೆ ಹಾಗೆ ಆಕಳಿಸಿದಾಗ ಸುಟ್ಟ ವಾಸನೆ ಬಂತು. ನೋಡಿದರೆ ಇಸ್ತ್ರಿ ಪೆಟ್ಟಿಗೆಯ ಕೆಳಗೆ ನಿಮ್ಮಪ್ಪನ ಒಳ್ಳೆಯ ಶರ್ಟು. ಶರ್ಟು ಹೋಯಿತೆಂದು ಇಬ್ಬರೂ ಕುಣಿದಾಡಿದೆವು.

ಮನಸ್ಸಿನ ಡಾಕ್ಟರಮ್ಮನ ಹತ್ತಿರ ಮಾತ್ರ ಒಲ್ಲೆ ಒಲ್ಲೆ ಎಂದೇ ಹೋದೆ. 'ಹೇಳುವುದೇನೂ ಇಲ್ಲ' ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. "ಸರಿ, ಸುಮ್ನೆ ಕೂತ್ಕೊಳ್ಳೋಣ" ಅಂದರು. ಕೂತೆವು. ಮುಂದಿನ ವಾರ ಸ್ಲೇಟು ಸಾಲಲಿಲ್ಲ. ನಿಮ್ಮಪ್ಪನನ್ನೂ ಕರೆಸಿದರು. ಆ ಮನುಷ್ಯ ನನ್ನೆದುರೇ ಅತ್ತುಬಿಟ್ಟರು: "ಇವಳು ಬೈಯೋದು ನಿಂತ ಮೇಲೆ ಮನೆ ಬಿಕೋ ಅನ್ನತ್ತೆ ಡಾಕ್ಟ್ರೇ." ಇಷ್ಟು ವರ್ಷ ಸಂಸಾರ ಮಾಡಿಯೂ ಇದು ನನಗೆ ಗೊತ್ತಿರಲಿಲ್ಲ ನೋಡು.

ಕೊನೆಗೆ ಮಾತು ಕಲಿಸುವ ಮೇಡಂ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಡಾಕ್ಟರು ಶರ್ಟಿನ ಗುಂಡಿಯಷ್ಟು ಚಿಕ್ಕ ಕವಾಟವೊಂದನ್ನು ಕೂರಿಸಿದ್ದಾರೆ. ಕತ್ತಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಸ್ವರ ಹೊರಡಬೇಕು. ನನ್ನ ಮೊದಲ ಸ್ವರ ಹಳೇ ಸ್ಕೂಟರಿಗೆ ಕಿಕ್ ಹೊಡೆದ ಹಾಗಿತ್ತು. ನಾಚಿಕೆಯಿಂದ ಬೆರಳು ತೆಗೆದುಬಿಟ್ಟೆ. ಮೇಡಂ ಮಾತ್ರ ಕುರ್ಚಿಯಿಂದೆದ್ದು, "ಸ್ಟಾರ್ಟ್ ಆಯ್ತಲ್ಲ! ಇನ್ನು ಗೇರ್ ಹಾಕೋಣ" ಅಂದರು. ನನ್ನಂಥವರ ಹಾಡಿನ ಗುಂಪೂ ಒಂದಿದೆ. ಲಾರಿ ಡ್ರೈವರ್, ಗಣಿತದ ಮೇಷ್ಟ್ರು, ನಾನು, ಇನ್ನೂ ಕೆಲವರು. ಕೇಳಿದವರು ಎದ್ದು ಓಡಬೇಕು, ಹಾಗೆ ಹಾಡುತ್ತೇವೆ. ಆದರೆ ಉಸಿರು ಉದ್ದವಾಗುತ್ತದೆ, ನಗುವೂ ಬರುತ್ತದೆ.

ಈಗ ನಿಜವಾದ ಸುದ್ದಿ. ಕಳೆದ ವಾರ ಮೇಡಂ ನನ್ನನ್ನು ವಾರ್ಡಿಗೆ ಕರೆದುಕೊಂಡು ಹೋದರು. ನಿನ್ನ ವಯಸ್ಸಿನ ಹೆಂಗಸು, ಶಿಶುವಿಹಾರದ ಟೀಚರು. ಮರುದಿನ ಅವಳಿಗೂ ಇದೇ ಆಪರೇಷನ್. ಬೇಡವೇ ಬೇಡ ಎಂದು ಬಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದಳು. ಅವಳ ಎದುರು ಕೂತು ಹೆಬ್ಬೆರಳು ಒತ್ತಿ, "ನನಗೂ ಇಲ್ಲೇ ಆಗಿದ್ದು. ನೋಡಿ, ಮಾತಾಡ್ತಾ ಇದ್ದೀನಿ" ಅಂದೆ. ಅವಳು ನನ್ನ ಕತ್ತನ್ನೇ ನೋಡುತ್ತ, "ನನ್ನ ಮಗ ಹೆದ್ರಿಕೊಂಡ್ರೆ?" ಅಂದಳು.

"ಮೊದಲನೇ ದಿನ ಹೆದರ್ತಾನೆ. ಎರಡನೇ ದಿನ ಅಣಕಿಸ್ತಾನೆ. ಮೂರನೇ ದಿನ ನೀವು ಗದರಿದ್ರೆ ಓಡ್ತಾನೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆಮೇಲೆ ಕೇಳಿದಳು: "ನಿಮ್ಮ ಮಕ್ಕಳು ಏನಂದ್ರು?"

ನನ್ನ ಬೆರಳು ತಾನಾಗಿ ಜಾರಿತು. ನಾಚಿಕೆಪಟ್ಟು ನನ್ನ ಮಗಳಿಗೆ ಈ ಧ್ವನಿಯನ್ನು ನಾನಿನ್ನೂ ಕೇಳಿಸಿಯೇ ಇಲ್ಲವಲ್ಲ! ಮತ್ತೆ ಒತ್ತಿ, "ಕೇಳಿ ಬಂದು ಹೇಳ್ತೀನಿ. ನೀವು ಮಾತ್ರ ನಾಳೆ ಒಳಗೆ ಹೋಗ್ಬೇಕು" ಅಂದೆ. ಅವಳು ಗಂಟು ಬಿಚ್ಚಿದಳು.

ಆಪರೇಷನ್ ಆಯಿತು, ಚೆನ್ನಾಗಿದ್ದಾಳೆ. ಆ ದಿನ ವಾರ್ಡಿನಿಂದ ಗೇಟಿನ ತನಕ ನಾನು ನಡೆದ ಠೀವಿಯನ್ನು ನೀನು ನೋಡಬೇಕಿತ್ತು. ಮೈಕಿನ ಮುಂದೆ ಕೂತ ಅಷ್ಟು ವರ್ಷಗಳಲ್ಲಿ ಒಂದು ದಿನವೂ ನನ್ನ ಧ್ವನಿಯ ಬಗ್ಗೆ ಇಷ್ಟು ಹೆಮ್ಮೆಪಟ್ಟವಳಲ್ಲ. ಅದು ಹುಟ್ಟಿನಿಂದ ಬಂದದ್ದು, ಪುಕ್ಕಟೆ. ಇದು ನಾನು ದುಡಿದದ್ದು ಕಣೇ.

ಮನೆಯವರನ್ನೆಲ್ಲ ಮತ್ತೆ ಗದರಬಲ್ಲ,
ನಿನ್ನ ಅಮ್ಮ

ತಾ.ಕ.: ಮೊನ್ನೆ ಸಂಜೆ ನಿನಗೆ ಗೊತ್ತಿಲ್ಲದ ನಂಬರಿನಿಂದ ಒಂದು ಕರೆ ಬಂತಲ್ಲ? "ಹಲೋ, ನಾನು..." ಎನ್ನುವಷ್ಟರಲ್ಲಿ ಹೆಬ್ಬೆರಳು ಸರಿದು ಸ್ವರ ಗೊರಗೊರ ಅಂದು ನಿಂತಿತು. "ಯಾರು ಬೇಕಾಗಿತ್ತು ಯಜಮಾನ್ರೇ? ಗಾಬರಿ ಆಗ್ಬೇಡಿ. ಸುಧಾರಿಸ್ಕೊಂಡು, ಸರಿಯಾದ ನಂಬರ್ ನೋಡಿ ಮಾಡಿ" ಅಂದೆ ನೀನು. ಮೇಡಂ ಫೋನಿನಿಂದ ಮಾಡಿದ ಆ ಯಜಮಾನರು ನಾನೇ. ಯಾರೋ ಮುದುಕನ ಹತ್ತಿರವೂ ಇಷ್ಟು ಮೆತ್ತಗೆ ಮಾತಾಡುವ ಮಗಳನ್ನು ಹೆತ್ತೆನಲ್ಲ ಎಂದು ಮರುದಿನವಿಡೀ ಬೀಗಿದೆ. ಬರುವ ಭಾನುವಾರ ಸಂಜೆ ಮತ್ತೆ ಮಾಡುತ್ತೇನೆ. ಅದೇ ಗಂಡುಧ್ವನಿ. ಇಟ್ಟುಬಿಡಬೇಡ, ನಂಬರು ಸರಿಯಾಗಿಯೇ ಇದೆ.