ನೋಟೀಸಿನಲ್ಲಿ ತಪ್ಪಿದ ಹೆಸರು

ಅಂಬಲಪಾಡಿ, ಉಡುಪಿ
೮-೨-೧೯೮೪

ಮಾನ್ಯ ಸಬ್ ಇನ್ಸ್‌ಪೆಕ್ಟರರಿಗೆ ವಿನೋದಾ ಮಾಡುವ ವಂದನೆಗಳು.

ಕಾಪುವಿನಲ್ಲಿ ನಮ್ಮ ಫಿಯೆಟ್ ಕಾರು ಅತಿ ವೇಗವಾಗಿ ಹೋಯಿತೆಂದು ನೀವು ಕಳಿಸಿದ ನೋಟೀಸು ನಿನ್ನೆ ಅಂಚೆಯಲ್ಲಿ ತಲುಪಿತು. ವೇಗದ ಬಗ್ಗೆ ನನ್ನ ತಕರಾರಿಲ್ಲ. ನೀವು ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇದ್ದೀತು. ಆದರೆ ಚಾಲಕ ಎಂದು ಬರೆದಿರುವುದು ನನ್ನ ಯಜಮಾನರ ಹೆಸರು. ಅವರು ಎರಡು ವರ್ಷದಿಂದ ಬಹರೈನಿನಲ್ಲಿದ್ದಾರೆ. ಕಾರು ಓಡಿಸಿದವಳು ನಾನು.

ತಪ್ಪು ನಿಮ್ಮ ಕಾನ್‌ಸ್ಟೇಬಲರದ್ದಲ್ಲ. "ಹೆಸರು ಎಂತ?" ಎಂದು ಅವರು ಕೇಳಿದಾಗ ನನ್ನದು ಹೇಳಿದೆ. "ನಿಮ್ಮದಲ್ಲ ಅಮ್ಮ, ಕಾರಿನವರದ್ದು" ಎಂದರು. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ, ನಮ್ಮಲ್ಲಿ ಕ್ರಮ ಹಾಗೆ. ಹಿಂದಿನ ಸೀಟಿನಲ್ಲಿದ್ದ ಅತ್ತೆ ಹೇಳಿದರು. ಕಾನ್‌ಸ್ಟೇಬಲರು ಅದನ್ನೇ ಬರೆದುಕೊಂಡರು. "ಹೆಂಗಸಿನ ಹೆಸರು ಠಾಣೆಗೆ ಹೋಗುವುದು ಎಂತಕ್ಕೆ, ನೋಟೀಸು ಹಾಗೇ ಇರಲಿ" ಎನ್ನುತ್ತಾರೆ ಅತ್ತೆ. ನನಗದು ಒಪ್ಪಿಗೆಯಿಲ್ಲ.

ದಯವಿಟ್ಟು ಆ ಹೆಸರು ಹೊಡೆದುಹಾಕಿ ನನ್ನದು ಬರೆಯಿರಿ. ದಂಡ ಕಟ್ಟಲು ಸೋಮವಾರ ನಾನೇ ಬರುತ್ತೇನೆ, ಕಾರಿನಲ್ಲೇ.

ಇನ್ನೊಂದು ವಿನಂತಿ ಉಂಟು. ತಿದ್ದಿದ ನೋಟೀಸಿನ ಒಂದು ಪ್ರತಿಯನ್ನು ಠಾಣೆಯ ಸೀಲು ಹಾಕಿ ಕೊಡಿ, ಬಹರೈನಿಗೆ ಕಳಿಸಲಿಕ್ಕೆ. ಕಾರು ಕಲಿತೆ, ಲೈಸೆನ್ಸ್ ಸಿಕ್ಕಿತು ಎಂದು ಯಜಮಾನರಿಗೆ ಮೂರು ಕಾಗದ ಬರೆದೆ. ಮೂರಕ್ಕೂ "ತಮಾಷೆ ಸಾಕು ಮಾರಾಯ್ತಿ" ಎಂದೇ ಉತ್ತರ ಬಂತು. ಪೊಲೀಸರು ಹೇಳಿದರೆ ನಂಬಿಯಾರು.

ಇತಿ,
ವಿನೋದಾ