ಮಂದು ಎಂದರೆ ಔಷಧಿ ಎಂದವಳು ನಾನೇ

ಕೊಡಿಗೇನಹಳ್ಳಿ
ಭಾನುವಾರ, ಮಧ್ಯಾಹ್ನ

ತಮ್ಮಾ ಅಂಜಿನಮೂರ್ತಿ,

ಈ ಕಾಗದವನ್ನು ನೀನು ಫೋನಿನಲ್ಲಿ ಫೋಟೋ ನೋಡಿ ಓದಬೇಕು. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಫೋನು ಕೊಡುತ್ತಾರೆ, ಆಗಲೂ ಪಕ್ಕದಲ್ಲೊಬ್ಬ ನಿಂತಿರುತ್ತಾನೆ ಎಂದೆಯಲ್ಲ. ಆ ಹತ್ತು ನಿಮಿಷದಲ್ಲಿ ಅವನೆದುರು ಆಡಿ ಮುಗಿಸಲಾಗದ ಮಾತು ಇದರಲ್ಲಿದೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಎಂದು ನಗುತ್ತಿದ್ದೆ. ನಗು. ಆ ರಷ್ಯಾದವನಿಗಂತೂ ಓದಲು ಬರುವುದಿಲ್ಲ, ನಿನಗೆ ಬಂದರೆ ಸಾಕು.

ಮೊದಲು ಬೈದುಬಿಡುತ್ತೇನೆ. ನಮ್ಮ ರಾಯಭಾರ ಕಚೇರಿಯಿಂದ ಉತ್ತರ ಬಂದಿದೆ. ನಿವೃತ್ತಿಯಾದ ಮೇಲೆ ಊರವರ ಅರ್ಜಿಗಳನ್ನೆಲ್ಲ ಬರೆದುಕೊಡುವ ವೆಂಕಟರಾಮಯ್ಯ ಮೇಷ್ಟ್ರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನಗೆ ಅರ್ಥ ಹೇಳಿದರು. ಮೋಸ ಹೋಗಿ ರಷ್ಯಾ ಸೇನೆಯ ಕೆಲಸಕ್ಕೆ ಸೇರಿದವರನ್ನು ಬಿಡಿಸಲು ಮಾಡಿರುವ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಕೆಲಸ ಎಂಥದೆಂದು ಮೊದಲೇ ಗೊತ್ತಿತ್ತೇ ಎಂದು ಅವರು ಕೇಳಿದ್ದಕ್ಕೆ 'ಗೊತ್ತಿದ್ದೇ ಬಂದೆ' ಎಂದು ನೀನೇ ಬರೆದು ಸಹಿ ಹಾಕಿದ್ದೀಯಂತೆ. ಎಂಥಾ ಪೆದ್ದನೋ ನೀನು! ಈ ತಿಂಗಳ ಕೊನೆಯೊಳಗೆ ಅದನ್ನು ತಿದ್ದಿ ಬರೆದುಕೊಟ್ಟರೆ ಮಾತ್ರ ಮುಂದಿನ ಪಟ್ಟಿಗೆ ಸೇರಿಸಲು ಸಾಧ್ಯ ಎಂದಿದ್ದಾರೆ. ಇನ್ನು ಹನ್ನೊಂದು ದಿನವಿದೆ, ಅದರೊಳಗೆ ನಿನಗೆ ಫೋನು ಸಿಗುವುದು ಒಂದೇ ಸಲ.

ಯಾಕೆ ಹಾಗೆ ಬರೆದೆ ಎಂದು ನನಗೆ ಗೊತ್ತು. ನಿನ್ನನ್ನು ಅಲ್ಲಿಗೆ ಕಳಿಸಿದ ಪಾವಗಡದ ಏಜೆಂಟ್ ಪೆದ್ದಣ್ಣ ನಿನಗೆ ಹೇಳಿದ್ದನ್ನೇ ನನಗೂ ಹೇಳಿದ. "ನಾನು ಸುಳ್ಳು ಹೇಳಿಲ್ಲ ಕಣಮ್ಮ. ನೇನು ಚೆಪ್ಪಿಂದಿ ಒಕಟಿ, ನೀನು ನಿನ್ ತಮ್ಮಂಗೆ ಅರ್ಥ ಮಾಡಿ ಹೇಳಿದ್ದು ಇನ್ನೊಂದು. ನನ್ನ ಹೆಸರು ಬಂದ್ರೆ ನಿನ್ ಹೆಸರೂ ಬರ್ತದೆ. ಇಬ್ರೂ ಒಳಗೋಗೋಣ, ಏಮಂಟಾವ್, ಏನಂತೀಯ?" ಎಂದು ನಕ್ಕ. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಆಗ ಪೊಲೀಸರ ಹತ್ತಿರ ಹೋಗಲಿಲ್ಲ.

ಆ ದಿನ ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಮಾತ್ರ ಒಂದು ಮಾತೂ ಮರೆತಿಲ್ಲ. ನಾನು ಕೆಲಸ ಮಾಡುವ ಮೆಡಿಕಲ್ ಸ್ಟೋರಿಗೆ ನೀನು ಓಡಿ ಬಂದೆ. ಪೆದ್ದಣ್ಣ ಕಳಿಸಿದ ವಾಯ್ಸ್ ಮೆಸೇಜು ಹಾಕಿ, "ಅಕ್ಕಾ, ಇವ್ನ ತೆಲುಗು ನಂಗೆ ಪೂರ್ತಿ ತಿಳೀವಲ್ದು, ಏನಂತಾನೆ ಹೇಳು" ಎಂದು ಫೋನನ್ನು ಕೌಂಟರಿನ ಮೇಲಿಟ್ಟೆ. "ಮಂದು ಗೋಡೌನ್‌ಲೋ ಪನಿ. ಎಂಡಾ ಲೇದು, ವಾನಾ ಲೇದು, ಲೋಪಲೇ ಪನಿ." ಬಿಸಿಲಿಲ್ಲ, ಮಳೆಯಿಲ್ಲ, ಒಳಗೇ ಕೆಲಸ. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಹಿಂದೂಪುರದ ಬಸ್ಸಿಳಿದು ಬರುವವರು "ಮಂದು ಇವ್ವಮ್ಮಾ" ಎಂದು ಕೈ ಚಾಚುವುದನ್ನು ಎಂಟು ವರ್ಷದಿಂದ ಕೇಳುತ್ತಿರುವವಳಿಗೆ ಮಂದು ಎಂದರೆ ಜ್ವರದ ಮಾತ್ರೆ, ಕೆಮ್ಮಿನ ಬಾಟಲಿ. "ಔಷಧಿ ಗೋಡೌನ್ ಕಣೋ, ನಂದೇ ಕೆಲಸ ನಿಂಗೂ ಸಿಕ್ತು, ಕಣ್ಮುಚ್ಕೊಂಡು ಹೋಗು" ಎಂದುಬಿಟ್ಟೆ. ನಮ್ಮ ಮದ್ದಿನ ಹಾಗೆ ತೆಲುಗಿನ ಮಂದು ಎಂಬ ಮಾತಿಗೂ ಎರಡು ಅರ್ಥವಿದೆ. ಕಾಯಿಲೆಗೆ ಕೊಡುವುದೂ ಅದೇ, ಫಿರಂಗಿಗೆ ತುಂಬುವುದೂ ಅದೇ. ಅದು ಗೊತ್ತಿಲ್ಲದವಳೇನೂ ಅಲ್ಲ ನಾನು, ಆ ಹೊತ್ತಿಗೆ ಹೊಳೆಯಲಿಲ್ಲ.

ನೀನು ಸಂಬಳ ಎಷ್ಟೆಂದು ಕೂಡ ಕೇಳಲಿಲ್ಲ. "ಸೂರಿನ ಕೆಳಗಿನ ಕೆಲ್ಸ ಕಣಕ್ಕ!" ಎಂದು ಕುಣಿದೆ. ಹತ್ತು ವರ್ಷದವನಿದ್ದಾಗಿನಿಂದ ಕುರಿ ಹಿಂದೆ ಬಿಸಿಲಲ್ಲಿ ಅಲೆದವನು, ಕಂಡವರ ಹೊಲದಲ್ಲಿ ಕುರಿಮಂದೆ ತರುಬಿ ಕೂಡಿಹಾಕಿ ಮಳೆಯಲ್ಲಿ ಕಂಬಳಿ ಹೊದ್ದು ನಿಂತವನು. ನಿನಗೆ ಬೇಕಾಗಿದ್ದದ್ದು ಅಷ್ಟೇ.

ಅಲ್ಲಿಗೆ ಹೋಗಿ ಎರಡು ತಿಂಗಳಾದ ಮೇಲೆ ನೀನು ಫೋನಿನಲ್ಲಿ ಪಿಸುಗುಟ್ಟಿದೆ, "ಅಕ್ಕಾ, ಇಲ್ಲಿರೋದು ಆ ಮಂದಲ್ಲ." ಆಮೇಲೆ ಒಂದೊಂದಾಗಿ ಗೊತ್ತಾಯಿತು. ಕಿಟಕಿಯಿಲ್ಲದ ಗೋದಾಮು, ಹೊರಗಿನಿಂದ ಹಾಕುವ ಬೀಗ, ಶೆಲ್ಲು ತುಂಬಿದ ಪೆಟ್ಟಿಗೆಗಳ ನಡುವೆಯೇ ನಿದ್ದೆ. ಪಾಸ್‌ಪೋರ್ಟು ಅವರ ಹತ್ತಿರ. ಮೇಲೆ ಡ್ರೋನು ಗುಂಯ್‌ಗುಟ್ಟಿದರೆ ಓಡಲು ಜಾಗವಿಲ್ಲ, ಒಂದು ಕಿಡಿ ಬಿದ್ದರೆ ಮುಗಿಯಿತು. ಒಂದು ವರ್ಷದ ಕರಾರು ಈಗ ಯುದ್ಧ ಮುಗಿಯುವವರೆಗೆ ಎಂದಾಗಿದೆ. ಎಲ್ಲಕ್ಕಿಂತ ನೀನು ಅತ್ತದ್ದು ಒಂದೇ ಮಾತಿಗೆ. "ನಾ ಎತ್ಕೊಟ್ಟ ಪೆಟ್ಗೆ ಯಾರ ಮನೆ ಮೇಲ್ ಬೀಳ್ತದೋ ಗೊತ್ತಿಲ್ಲ ಕಣಕ್ಕ. ಕೇಳಂಗಿಲ್ಲ." ಅಂದಿನಿಂದ ಅಂಗಡಿಯ ಟಿವಿಯಲ್ಲಿ ಉಕ್ರೇನಿನ ಸುದ್ದಿ ಬಂದರೆ ನಾನು ಬೆನ್ನು ತಿರುಗಿಸಿ ಮಾತ್ರೆ ಜೋಡಿಸುತ್ತೇನೆ. ಮೊನ್ನೆ ಕುಸಿದ ಮನೆಯೆದುರು ಒಬ್ಬ ಮುದುಕಿ ಒಂದೇ ಚಪ್ಪಲಿ ಹಿಡಿದು ಕೂತಿದ್ದಳು. ನಮ್ಮವ್ವನ ವಯಸ್ಸು. ಆ ಶೆಲ್ಲು ನಿನ್ನ ಕೈ ದಾಟಿ ಹೋದದ್ದಲ್ಲ ಎಂದು ನನಗೆ ಯಾರು ಹೇಳುತ್ತಾರೆ? ಅವಳಿಗೆ ನೀನು ಯಾರೋ, ನಾನು ಯಾರೋ. ಆದರೂ ಒಂದು ಮಾತಿನ ದಾರಿ ನನ್ನ ಕೌಂಟರಿನಿಂದ ಅವಳ ಬಾಗಿಲವರೆಗೆ ಹೋಗಿದೆ ಎನಿಸುತ್ತದೆ.

ಈಗಲೂ ಗಿರಾಕಿಗಳು ಮಂದು ಕೊಡು ಎನ್ನುತ್ತಾರೆ. ಪ್ರತಿ ಸಲವೂ ಆ ಗೋದಾಮು ನೆನಪಾಗುತ್ತದೆ, ಆದರೂ ಕೊಟ್ಟು ಚಿಲ್ಲರೆ ಎಣಿಸುತ್ತೇನೆ. ಕೆಲಸ ಬಿಡೋಣವೆಂದರೆ ಯಾಕೆ ಎಂದು ಕೇಳುವವರಿಗೆ ಏನು ಹೇಳಲಿ? ಅವ್ವನಂತೂ ಶಿರಾ ಕಡೆಯ ನಮ್ಮ ಹಟ್ಟಿಯಲ್ಲೆಲ್ಲ "ನನ್ಮಗ ಗಾಯ ಆದೋರ್ಗೆ ಔಸ್ತಿ ಕೊಡೋ ಜಾಗ್ದಾಗವ್ನೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಒಂಬತ್ತು ತಿಂಗಳು ಹೂಂ ಎಂದೆ.

ಶುಕ್ರವಾರ ಬಸ್ಸು ಹತ್ತಿ ಹೋಗಿ ಅವಳಿಗೆ ಹೇಳಿದೆ. ಪೆದ್ದಣ್ಣನ ಮೆಸೇಜನ್ನೂ ಕೇಳಿಸಿದೆ. ಅವ್ವ ಅಳಲಿಲ್ಲ. ಕುರಿಮರಿಗೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಿ, "ಯಾವ ಮದ್ದು ಅಂತ ಕೇಳಿದ್ರಾ?" ಎಂದಳು. ನಾನು ಇಲ್ಲ ಎಂದೆ. "ಕುರಿಗ್ ಕುಡ್ಸೋದೂ ಮದ್ದೇ, ಹಂದಿಗ್ ಇಕ್ಕೋ ಸಿಡಿಮದ್ದೂ ಮದ್ದೇ. ನಮ್ ನಾಯಿ ಅದನ್ನ ಕಚ್ಚಿ ಬಾಯೇ ಹಾರೋಗಿ ಸತ್ತಿದ್ದು ಮರ್ತ್‌ಬುಟ್ಟೇನೇ? ಓದ್ದೋರು ಇಬ್ರು ಸೇರ್ಕೊಂಡು ಒಂದ್ ಮಾತು ಕೇಳ್ದಂಗೆ ಹೋದ್ರಲ್ಲ" ಎಂದಳು. ಯಾರೂ ಅವಳನ್ನು ಕೇಳಲೇ ಇಲ್ಲ, ನೋಡು. ಕೇಳಿದ್ದರೆ ನೀನು ಇಲ್ಲೇ ಇರುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ನನ್ನ ರೆಟ್ಟೆ ಹಿಡಿದು ಎಬ್ಬಿಸಿ, "ಅಳ್ತಾ ಕುಂತ್ರೆ ಅವ್ನು ಬರಾಕಿಲ್ಲ. ಹೆಂಗ್ ಕಳ್ಸಿದ್ಯೋ ಅಂಗೇ ಕರ್ಕಂಬಾ" ಎಂದಳು.

ಅದಕ್ಕೇ ನಿನ್ನೆ ಮೇಷ್ಟ್ರನ್ನು ಕರೆದುಕೊಂಡು ಮಧುಗಿರಿಗೆ ಹೋಗಿ ಪೊಲೀಸ್ ಠಾಣೆಯಲ್ಲಿ ಎಲ್ಲವನ್ನೂ ಬರೆದುಕೊಟ್ಟೆ. ಪೆದ್ದಣ್ಣ ಏನೆಂದ, ನಾನು ಏನೆಂದೆ, ಎರಡನ್ನೂ. ಮೆಸೇಜನ್ನೂ ಕೊಟ್ಟೆ. ಆ ಹೇಳಿಕೆಯ ಪ್ರತಿಯನ್ನು ಮೇಷ್ಟ್ರು ರಾಯಭಾರ ಕಚೇರಿಗೂ ಕಳಿಸಿದ್ದಾರೆ. ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ, ಕರೆದಾಗ ಬರಬೇಕು ಎಂದಿದ್ದಾರೆ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಸಹಿ ಹಾಕಿದೆ.

ಹಾಗಾಗಿ, ತಮ್ಮಾ, ನನ್ನನ್ನು ಉಳಿಸಲೆಂದು ನೀನು ಬರೆದ ಸುಳ್ಳು ಈಗ ಯಾರನ್ನೂ ಉಳಿಸುತ್ತಿಲ್ಲ. ಕುರಿಯಿಲ್ಲದ ರೊಪ್ಪದ ಬೇಲಿ ಕಾಯುತ್ತಾ ಕೂರಬೇಡ. ಇದನ್ನು ಓದಿದ ದಿನವೇ ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು, ಫೋನು ಕೈಯಲ್ಲಿರುವಾಗಲೇ ಬರೆದು ಫೋಟೋ ಕಳಿಸು: 'ಔಷಧಿ ಗೋದಾಮು ಎಂದು ನನಗೆ ಹೇಳಿದವಳು ನನ್ನ ಅಕ್ಕ ವನಜಾಕ್ಷಿ, ಅವಳನ್ನು ನಂಬಿ ಬಂದೆ.' ನನ್ನ ಹೆಸರನ್ನು ತಪ್ಪಿಲ್ಲದೆ, ಪೂರ್ತಿಯಾಗಿ ಬರೆ. ನಾನು ನಿನಗೆ ತಪ್ಪು ಅರ್ಥ ಹೇಳಿದ್ದೆ. ಇದೊಂದನ್ನು ಸರಿಯಾಗಿ ಹೇಳುತ್ತಿದ್ದೇನೆ, ಇನ್ನೊಂದೇ ಸಲ ನನ್ನನ್ನು ನಂಬು.

ಬಯಲಲ್ಲಿ ದನ ಕಾಯ್ದ ನಮ್ಮ ದೇವರು ಜುಂಜಪ್ಪ ಆ ಬೀಗದ ಮನೆಯಲ್ಲೂ ನಿನ್ನ ತಲೆ ಕಾಯಲಿ.

ನಿನ್ನ ಅಕ್ಕ,
ವನಜಾಕ್ಷಿ